ಎಂಟು ಡಾಲರಿನಿಂದ ಎರಡೂವರೆ ಲಕ್ಷದವರೆಗೆ

ಹೋದ ಚಳಿಗಾಲದ ಒಂದು ಬೆಳಿಗ್ಗೆ ನೋಯ್ಡಾದ ಸೆಕ್ಟರ್ 18ರ ಬ್ಯಾಂಕೊಂದರಲ್ಲಿ ಮಗಳು ಅಳಿಯಂದಿರ ಜೊತೆ ಕುಳಿತಿದ್ದೆ. ಇಬ್ಬರಿಗೂ ಕೆನಡಾದಲ್ಲಿ ನೆಲೆಸಲು ಅನುಮತಿ ಬಂದಿತ್ತು. ಅಲ್ಲಿಯ ಬ್ಯಾಂಕೊಂದು ಇವರು ವಿಮಾನ ಹತ್ತುವ ಮೊದಲೇ ಖಾತೆ ತೆರೆದುಕೊಟ್ಟಿತ್ತು. ಆ ಖಾತೆಗೆ ಇಲ್ಲಿಂದ ಹಣ ಕಳಿಸುವುದು ಅಂದಿನ ಕೆಲಸ. ಎದುರಿಗಿದ್ದ ಹುಡುಗ ಎ-2 ಫಾರಂ ಮುಂದಿಟ್ಟು, "ಚಿಂತೆ ಬೇಡಿ ಅಂಕಲ್‌ಜೀ, ಒಬ್ಬೊಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರಿನವರೆಗೆ ಕಳಿಸಬಹುದು" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿದ. ಅಷ್ಟು ಹಣ ನಮ್ಮಲ್ಲಿ ಎಲ್ಲಿಂದ ಬರಬೇಕು, ಆ ಮಾತು ಬೇರೆ. ನನಗೆ ನೆನಪಾದದ್ದು ಮಾತ್ರ ಎಂಟು ಡಾಲರು.

ನನ್ನ ಚಿಕ್ಕಪ್ಪ 1969ರಲ್ಲಿ ಅಮೆರಿಕಾಕ್ಕೆ ಓದಲು ಹೋದಾಗ ಜೇಬಿನಲ್ಲಿದ್ದದ್ದು ಅಷ್ಟೇ. ಅಂದಿನ ದರದಲ್ಲಿ ಡಾಲರಿಗೆ ಏಳೂವರೆ ರೂಪಾಯಿ. ಎಂಟು ಡಾಲರೆಂದರೆ ಅರವತ್ತು ರೂಪಾಯಿ. ಆ ಕಾಲದಲ್ಲಿ ಹೊರಟ ಸಾವಿರಾರು ಭಾರತೀಯರ ನೆನಪಿನಲ್ಲಿ ಇದೇ ಸಂಖ್ಯೆ ಉಳಿದಿದೆ. ಅದಕ್ಕೂ ಮೊದಲು ಇಂಗ್ಲೆಂಡಿಗೆ ಹೋದವರನ್ನು ಕೇಳಿದರೆ "ಮೂರು ಪೌಂಡು" ಎನ್ನುತ್ತಾರೆ. ಎಂಟು ಡಾಲರು ಎರಡೂವರೆ ಲಕ್ಷವಾದ ಕಥೆ ನಮ್ಮ ದೇಶದ ಆರ್ಥಿಕ ಚರಿತ್ರೆಯೂ ಹೌದು, ಊರು ಬಿಟ್ಟು ಬಂದ ನಮ್ಮಂಥ ಕುಟುಂಬಗಳ ಚರಿತ್ರೆಯೂ ಹೌದು. ಅದನ್ನು ತಿಳಿದಮಟ್ಟಿಗೆ ಇಲ್ಲಿ ಹೇಳಲು ಯತ್ನಿಸುತ್ತೇನೆ.

ಒಂದು ಕಾಲದಲ್ಲಿ ಈ ಕಟ್ಟುಪಾಡುಗಳೇ ಇರಲಿಲ್ಲ ಎಂದರೆ ಇಂದಿನವರಿಗೆ ಆಶ್ಚರ್ಯವಾದೀತು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿಬಂದಾಗ ವಿದೇಶೀ ವಿನಿಮಯಕ್ಕಾಗಿ ಯಾರ ಅಪ್ಪಣೆಯನ್ನೂ ಬೇಡುವ ಕಾನೂನು ಇರಲಿಲ್ಲ. 1927ರಿಂದ ರೂಪಾಯಿಗೆ ಒಂದು ಶಿಲ್ಲಿಂಗ್ ಆರು ಪೆನ್ಸ್ ಎಂದು ದರ ನಿಂತಿತ್ತು. ಪೌಂಡಿಗೆ ಹದಿಮೂರು ರೂಪಾಯಿ ಐದಾಣೆ ನಾಲ್ಕು ಕಾಸು. ಹಣವುಳ್ಳವನಿಗೆ ಅಡ್ಡಿ ಇರಲಿಲ್ಲ. ಹಣವುಳ್ಳವರು ಎಷ್ಟು ಮಂದಿ ಎಂಬುದೊಂದೇ ಪ್ರಶ್ನೆ.

ಬಾಗಿಲು ಮುಚ್ಚಿದ್ದು ಯುದ್ಧದಿಂದ. 1939ರ ಸೆಪ್ಟೆಂಬರ್ 3ರಂದು, ಯುದ್ಧ ಘೋಷಣೆಯಾದ ದಿನವೇ, ಭಾರತ ರಕ್ಷಣಾ ನಿಯಮಗಳ ಅಡಿಯಲ್ಲಿ ವಿನಿಮಯ ನಿಯಂತ್ರಣ ಜಾರಿಗೆ ಬಂತು. ಯುದ್ಧ ಮುಗಿದರೂ ನಿಯಂತ್ರಣ ಮುಗಿಯಲಿಲ್ಲ. 1947ರ ಮಾರ್ಚ್ 25ರಿಂದ ಅದಕ್ಕೆ ಪ್ರತ್ಯೇಕ ಕಾಯಿದೆಯೇ ಬಂದಿತು. ಸ್ವಾತಂತ್ರ್ಯ ಬರುವುದಕ್ಕೆ ಇನ್ನೂ ಐದು ತಿಂಗಳಿತ್ತು.

ಮೊದಮೊದಲು ಬಿಗಿ ಅಷ್ಟಿರಲಿಲ್ಲ. ಯುದ್ಧಕಾಲದಲ್ಲಿ ನಮ್ಮಿಂದ ಸಾಮಗ್ರಿ ಪಡೆದ ಬ್ರಿಟನ್ ನಮಗೆ ನೂರು ಕೋಟಿ ಪೌಂಡಿಗೂ ಮಿಕ್ಕಿ ಸಾಲಗಾರನಾಗಿತ್ತು. ಮಂಗಳೂರು ಕಡೆಯ ಬೆನೆಗಲ್ ಮನೆತನದ ರಾಮರಾಯರು 1949ರಿಂದ 1957ರ ಜನವರಿಯವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದಾಗ ಆ ಗಂಟು ಇನ್ನೂ ಪೂರ್ತಿ ಕರಗಿರಲಿಲ್ಲ. 1956ರಲ್ಲಿ ಎರಡನೆಯ ಪಂಚವಾರ್ಷಿಕ ಯೋಜನೆ ಪ್ರಾರಂಭವಾಯಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರದ ಉಕ್ಕಿನ ಕಾರ್ಖಾನೆಗಳಿಗೆ ಯಂತ್ರಗಳು ಹೊರಗಿನಿಂದ ಬರಬೇಕಿತ್ತು. 1957ರ ಹೊತ್ತಿಗೆ ಬೊಕ್ಕಸದ ತಳ ಕಾಣತೊಡಗಿತು. ಡಾಲರು, ಪೌಂಡುಗಳು ಯಂತ್ರಕ್ಕೂ ಗೋಧಿಗೂ ಸಾಲದೆ ಹೋದಾಗ ಪ್ರಯಾಣಿಕನ ಜೇಬಿಗೆ ಎಲ್ಲಿಂದ ಬರಬೇಕು? ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಸರ್ಕಾರ ಕಾನೂನು ಮಾಡಿತು ಎನ್ನಬಹುದು. 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದಾಗ 4 ರೂಪಾಯಿ 76 ಪೈಸೆಯ ಡಾಲರು ರಾತ್ರೋರಾತ್ರಿ ಏಳೂವರೆಯಾಯಿತು.

ಇದೇ ಹೊತ್ತಿನಲ್ಲಿ ಅತ್ತ ಕಡೆಯ ಬಾಗಿಲು ತೆರೆಯಿತು. 1965ರ ಅಕ್ಟೋಬರಿನಲ್ಲಿ ಅಮೆರಿಕಾ ತನ್ನ ವಲಸೆ ಕಾನೂನನ್ನು ಬದಲಿಸಿ, ದೇಶದೇಶಕ್ಕೆ ಬೇರೆಬೇರೆ ಪಾಲು ಕೊಡುತ್ತಿದ್ದ ಹಳೆಯ ಪದ್ಧತಿಯನ್ನು ಕೈಬಿಟ್ಟಿತು. 1968ರ ಜುಲೈಯಿಂದ ಹೊಸ ಪದ್ಧತಿ ಪೂರ್ತಿ ಜಾರಿಗೆ ಬಂತು. ನಮ್ಮ ಡಾಕ್ಟರು, ಎಂಜಿನಿಯರುಗಳಿಗೆ ಅಲ್ಲಿ ಸ್ವಾಗತ ದೊರೆಯಿತು. ಹೋಗಲು ಅನುಮತಿಯುಂಟು, ಒಯ್ಯಲು ಹಣವಿಲ್ಲ. ಎಂಟು ಡಾಲರಿನ ತಲೆಮಾರು ಹುಟ್ಟಿದ್ದು ಹೀಗೆ.

ಟಿಕೆಟ್ ಕೊಳ್ಳುವುದಕ್ಕೂ 'ಪಿ' ಫಾರಂ ಎಂಬುದೊಂದನ್ನು ತುಂಬಿ ಒಪ್ಪಿಗೆ ಪಡೆಯಬೇಕಾಗಿತ್ತು. ಕೊಂಡ ಡಾಲರುಗಳ ಲೆಕ್ಕವನ್ನು ಪಾಸ್‌ಪೋರ್ಟಿನ ಪುಟದಲ್ಲೇ ಮೊಹರು ಹಾಕಿ ಬರೆಯುತ್ತಿದ್ದರು. ದೆಹಲಿಯವರು ಇಂಥ ಕೆಲಸಕ್ಕೆ ಸಂಸದ್ ಮಾರ್ಗದ ರಿಸರ್ವ್ ಬ್ಯಾಂಕಿಗೆ ಎಡತಾಕುತ್ತಿದ್ದರು. ಅದರ ಬಾಗಿಲಲ್ಲಿ ರಾಮ್‌ಕಿಂಕರ್ ಬೈಜ್ ಕಡೆದ ಯಕ್ಷ, ಯಕ್ಷಿಯರ ಎರಡು ಭಾರಿ ಶಿಲಾವಿಗ್ರಹಗಳಿವೆ. ಕುಬೇರನ ಬೊಕ್ಕಸಕ್ಕೆ ಯಕ್ಷರೇ ಕಾವಲು. ಕನ್ನಡಿಗರಾದ ನಮಗೆ ಯಕ್ಷನೆಂದೊಡನೆ ಯಕ್ಷಪ್ರಶ್ನೆಯೂ ನೆನಪಾಗುತ್ತದೆ. ಎಲ್ಲಿಗೆ, ಏಕೆ, ಎಷ್ಟು ದಿನ, ಖರ್ಚು ಯಾರದು? ಉತ್ತರ ಹೇಳದೆ ಕೊಳದ ನೀರು ಮುಟ್ಟುವಂತಿರಲಿಲ್ಲ.

ಈಗ ನಮ್ಮ ಮನೆಯ ಕಥೆಗೆ ಬರುತ್ತೇನೆ. ನಮ್ಮದು ಸಾಗರದ ಕಡೆಯ ಅಡಿಕೆ ತೋಟದ ಮನೆ. ಚಿಕ್ಕಪ್ಪನ ಟಿಕೆಟ್ಟಿಗೆ ಅಜ್ಜಯ್ಯ ಅಡಿಕೆ ಮಂಡಿಯಲ್ಲಿ ಮುಂಗಡ ತೆಗೆದರು. ಟಿಕೆಟ್ಟಿನ ಹಣ ರೂಪಾಯಿಯಲ್ಲಿ ಕಟ್ಟಬಹುದಿತ್ತು, ಆದ್ದರಿಂದ ಅದು ಹೇಗೋ ಸಾಗಿತು. ಚಿಕ್ಕಪ್ಪ ನ್ಯೂಯಾರ್ಕಿನಿಂದ ಬರೆದ ಮೊದಲ ಏರೋಗ್ರಾಂ ನನ್ನ ಬಳಿ ಇನ್ನೂ ಇದೆ. ಅದರಲ್ಲಿ ಕುಶಲಪ್ರಶ್ನೆ ಎರಡು ಸಾಲು, ಉಳಿದದ್ದು ಲೆಕ್ಕ: ವಿಮಾನ ನಿಲ್ದಾಣದಿಂದ ಬಸ್ಸಿಗೆ ಎರಡು ಡಾಲರು ಚಿಲ್ಲರೆ, ಟೆಲಿಫೋನಿಗೆ ಇಷ್ಟು, ಚಹಾ ಬ್ರೆಡ್ಡಿಗೆ ಇಷ್ಟು, ಉಳಿದದ್ದು ನಾಲ್ಕು ಡಾಲರು ಇಪ್ಪತ್ತು ಸೆಂಟು. ಕೊನೆಗೆ, "ಅಪ್ಪಯ್ಯ, ವಿದ್ಯಾರ್ಥಿವೇತನ ಕೈಗೆ ಬರಲು ಇನ್ನೂ ಆರು ವಾರ ಇದೆಯಂತೆ. ನೀವು ಯೋಚನೆ ಮಾಡಬೇಡಿ."

ಅಜ್ಜಯ್ಯ ಯೋಚನೆ ಮಾಡದೆ ಇರುತ್ತಾರೆಯೇ? ಆಗಷ್ಟೇ ಅಡಿಕೆ ಮಾರಿ ಮೂರು ಸಾವಿರ ರೂಪಾಯಿ ಬ್ಯಾಂಕಿನಲ್ಲಿಟ್ಟಿದ್ದರು. ಪಾಸ್‌ಬುಕ್ಕು ಹಿಡಿದು ಮ್ಯಾನೇಜರ ಬಳಿ ಹೋದರು. "ರಾಯರೇ, ಹಣ ನಿಮ್ಮದೇ. ಆದರೆ ಇದರಲ್ಲಿ ಒಂದು ಡಾಲರನ್ನೂ ನಾನಾಗಿ ಕಳಿಸುವ ಹಾಗಿಲ್ಲ, ಕಾನೂನು ಬಿಡುವುದಿಲ್ಲ" ಎಂದು ಅವರು ಬೇಸರದಿಂದಲೇ ಹೇಳಿದರಂತೆ. ಅಜ್ಜಯ್ಯ ಮನೆಗೆ ಬಂದು ಪಾಸ್‌ಬುಕ್ಕನ್ನು ದೇವರ ಗೂಡಿನಲ್ಲಿಟ್ಟು, ಆ ದಿನ ಯಾರೊಡನೆಯೂ ಮಾತನಾಡಲಿಲ್ಲವೆಂದು ಅಮ್ಮ ಹೇಳುತ್ತಿದ್ದಳು. ಆ ಆರು ವಾರ ಚಿಕ್ಕಪ್ಪನಿಗೆ ಊಟ ಹಾಕಿದವರು ಅಲ್ಲಿ ಒಂದು ವರ್ಷ ಮೊದಲು ಹೋಗಿದ್ದ ಇಬ್ಬರು ಕನ್ನಡದ ಹುಡುಗರು. ಅವರ ಪರಿಚಯವೂ ಇರಲಿಲ್ಲ, ಭಾಷೆಯೊಂದೇ ಆಧಾರ. ಪರದೇಶದಲ್ಲಿ ಕನ್ನಡ ಕೂಟಗಳು ಏಕೆ ಹುಟ್ಟಿದವು ಎಂದು ಕೇಳುವವರಿಗೆ ನಾನು ಈ ಆರು ವಾರದ ಊಟವನ್ನು ತೋರಿಸುತ್ತೇನೆ.

ಕರಾವಳಿಯ ಕನ್ನಡಿಗರ ಅನುಭವ ಬೇರೆ ತೆರನಾದುದು. ಕೊಲ್ಲಿಯ ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ಭಾರತದ ರೂಪಾಯಿಯೇ ನಡೆಯುತ್ತಿತ್ತು. ಭಟ್ಕಳದಿಂದಲೋ ಮಂಗಳೂರಿನಿಂದಲೋ ಹೊರಟವನು ಸಮುದ್ರ ದಾಟಿದರೂ ಕಿಸೆಯ ನೋಟು ಬದಲಾಗಬೇಕಿರಲಿಲ್ಲ. ಆದರೆ ಆ ರೂಪಾಯಿಗಳು ಚಿನ್ನದ ಕಳ್ಳಸಾಗಣೆಗೆ ದಾರಿಯಾದವು. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ಬಣ್ಣದ, ಸಂಖ್ಯೆಗೆ ಮೊದಲು 'ಝಡ್' ಅಕ್ಷರವಿದ್ದ ನೋಟುಗಳನ್ನು ಹೊರಡಿಸಿತು. ಅವು ಭಾರತದೊಳಗೆ ಚಲಾವಣೆಯಾಗುತ್ತಿರಲಿಲ್ಲ. ಕುವೈತ್ 1961ರಲ್ಲಿ, ಬಹರೈನ್ 1965ರಲ್ಲಿ ಸ್ವಂತ ದಿನಾರುಗಳನ್ನು ತಂದವು. 1966ರ ಬೆಲೆ ಇಳಿತದ ಪೆಟ್ಟು ತಿಂದ ಮೇಲೆ ಕತಾರ್, ದುಬೈಗಳೂ ರೂಪಾಯಿಯನ್ನು ಕೈಬಿಟ್ಟವು. ಅಲ್ಲಿಗೆ ಕೊಲ್ಲಿಯೂ 'ವಿದೇಶ'ವಾಯಿತು.

1974ರ ಜನವರಿ 1ರಿಂದ ಜಾರಿಯಾದ ಹೊಸ ವಿದೇಶೀ ವಿನಿಮಯ ಕಾಯಿದೆ, ಜನರ ಬಾಯಲ್ಲಿ 'ಫೆರಾ', ಹಿಡಿತವನ್ನು ಇನ್ನಷ್ಟು ಬಿಗಿಗೊಳಿಸಿತು. ತಪ್ಪಿದವನಿಗೆ ಜೈಲು. ಬಿಗಿ ಹೆಚ್ಚಿದಷ್ಟೂ ಹವಾಲಾ ಬೆಳೆಯಿತು. ಕಟ್ಟೆ ಕಟ್ಟಿದರೆ ನೀರು ಸಂದಿ ಹುಡುಕುತ್ತದೆ. ತಮಾಷೆಯೆಂದರೆ, ಎಂಟು ಡಾಲರು ಕೊಟ್ಟು ಕಳಿಸಿದವರ ಮುಂದೆಯೇ ಸರ್ಕಾರ ಕೈಚಾಚಬೇಕಾಯಿತು. ಅನಿವಾಸಿಗಳು ಹಣವಿಡಲೆಂದು 1970ರಲ್ಲಿ ವಿಶೇಷ ರೂಪಾಯಿ ಖಾತೆ, 1975ರಲ್ಲಿ ವಿದೇಶೀ ನಾಣ್ಯದ ಖಾತೆ ಬಂದವು. ನಮ್ಮ ಚಿಕ್ಕಪ್ಪ ಮಂಡಿಯ ಸಾಲ ತೀರಿಸಿದ್ದು ಅಲ್ಲಿಂದ ಕಳಿಸಿದ ಡ್ರಾಫ್ಟುಗಳಿಂದಲೇ. ಒಳಗೆ ಬರುವ ಹಣಕ್ಕೆ ಬಾಗಿಲು ಅಗಲ, ಹೊರಗೆ ಹೋಗುವುದಕ್ಕೆ ಕಿಂಡಿ.

1991ರ ಜನವರಿಯಲ್ಲಿ ದೇಶದ ಬೊಕ್ಕಸದಲ್ಲಿ ಉಳಿದಿದ್ದದ್ದು ಸುಮಾರು 120 ಕೋಟಿ ಡಾಲರು. ಜುಲೈಯಲ್ಲಿ ಸುಮಾರು 47 ಟನ್ ಚಿನ್ನವನ್ನು ಅಡವಿಗೆ ಕಳಿಸಬೇಕಾಯಿತು. ಚಿನ್ನ ಅಡವಿಡುವುದೆಂದರೆ ಏನೆಂದು ನಮ್ಮ ಮನೆಗಳ ಹೆಂಗಸರಿಗೆ ವಿವರಿಸಬೇಕಾಗಿಲ್ಲ. ಆ ಅವಮಾನದಿಂದಲೇ ಸುಧಾರಣೆ ಹುಟ್ಟಿತು. 1994ರ ಆಗಸ್ಟಿನಲ್ಲಿ ವ್ಯಾಪಾರ, ಪ್ರಯಾಣ ಮುಂತಾದ ಚಾಲ್ತಿ ವ್ಯವಹಾರಗಳಿಗೆ ರೂಪಾಯಿಯ ಪರಿವರ್ತನೆ ಮುಕ್ತವಾಯಿತು. 2000ದ ಜೂನ್ 1ರಂದು 'ಫೆರಾ' ಹೋಗಿ 'ಫೆಮಾ' ಬಂತು. ನಿಯಂತ್ರಣ ಎಂಬ ಪದ ನಿರ್ವಹಣೆ ಎಂದಾಯಿತು. ಅಪರಾಧವೆನಿಸಿದ್ದು ದಂಡ ಕಟ್ಟುವ ತಪ್ಪಾಯಿತು.

2004ರ ಫೆಬ್ರವರಿಯಲ್ಲಿ ರಿಸರ್ವ್ ಬ್ಯಾಂಕು ಉದಾರೀಕೃತ ಹಣ ರವಾನೆ ಯೋಜನೆಯನ್ನು ತಂದು, ವರ್ಷಕ್ಕೆ 25,000 ಡಾಲರಿನವರೆಗೆ ಯಾರ ಅಪ್ಪಣೆಯೂ ಇಲ್ಲದೆ ಕಳಿಸಬಹುದೆಂದಿತು. 2007ರ ಹೊತ್ತಿಗೆ ಅದು ಎರಡು ಲಕ್ಷವಾಯಿತು. 2013ರಲ್ಲಿ ರೂಪಾಯಿ ಕುಸಿದಾಗ 75,000ಕ್ಕೆ ಇಳಿದು, 2015ರಲ್ಲಿ ಎರಡೂವರೆ ಲಕ್ಷಕ್ಕೆ ಏರಿತು. 2004-05ರಲ್ಲಿ ಈ ದಾರಿಯಿಂದ ದೇಶದಾಚೆ ಹೋದದ್ದು ಒಂದು ಕೋಟಿ ಡಾಲರಿಗೂ ಕಡಮೆ. 2023-24ರಲ್ಲಿ ಸುಮಾರು 3,170 ಕೋಟಿ ಡಾಲರು. ಹಾಗೆಂದು ಯಕ್ಷ ನಿದ್ರೆಹೋಗಿಲ್ಲ. 2020ರ ಅಕ್ಟೋಬರಿನಿಂದ ಇಂಥ ರವಾನೆಗೆ ಮುಂಗಡ ತೆರಿಗೆ ಹಿಡಿಯುವ ಪದ್ಧತಿ ಬಂತು. ಅದರ ವಿನಾಯಿತಿಯ ಮಿತಿ 2025ರ ಏಪ್ರಿಲಿನಲ್ಲಿ ಏಳು ಲಕ್ಷ ರೂಪಾಯಿಯಿಂದ ಹತ್ತು ಲಕ್ಷಕ್ಕೆ ಏರಿತು. ಹಿಡಿದ ಹಣವನ್ನು ವರ್ಷದ ಆದಾಯ ತೆರಿಗೆಯಲ್ಲಿ ಸರಿಹೊಂದಿಸಿಕೊಳ್ಳಬಹುದು. ಆದರೆ ಹೊರಡುವ ಗಡಿಬಿಡಿಯಲ್ಲಿ ಅಷ್ಟನ್ನು ಬೇರೆಯಾಗಿ ಹೊಂದಿಸಿಟ್ಟುಕೊಳ್ಳಬೇಕು.

ಗಮನಿಸಬೇಕಾದ ಮಾತೊಂದಿದೆ. ಅಂದು ತಡೆದದ್ದು ನಮ್ಮ ಸರ್ಕಾರ. ಬರಮಾಡಿಕೊಂಡ ದೇಶ ಬರಿಗೈಯವನನ್ನೂ ಒಳಗೆ ಬಿಟ್ಟಿತು. ಇಂದು ನಮ್ಮವರು ಕಳಿಸಲು ಬಿಡುತ್ತಾರೆ; ಹಣ ತೋರಿಸದವನನ್ನು ಅತ್ತಲಿನವರು ಬಿಡುವುದಿಲ್ಲ. ಜರ್ಮನಿಗೆ ಓದಲು ಹೋಗುವವನು ಒಂದು ವರ್ಷದ ಖರ್ಚನ್ನು ಮೊದಲೇ ಅಲ್ಲಿಯ ಖಾತೆಯೊಂದರಲ್ಲಿ ಕಟ್ಟಿಡುವುದು ವಾಡಿಕೆ. ತಿಂಗಳಿಗೆ ಇಂತಿಷ್ಟೇ ಕೈಗೆ ಬರುತ್ತದೆ. ಕೆನಡಾ ವಿದ್ಯಾರ್ಥಿಯಿಂದ ಕೇಳುವ ಜೀವನ ವೆಚ್ಚದ ಮೊತ್ತ 2024ರ ಜನವರಿ 1ರಿಂದ 10,000 ಡಾಲರಿನಿಂದ 20,635 ಕೆನಡಾ ಡಾಲರಿಗೆ ಏರಿತು. ಅಜ್ಜಯ್ಯನಂಥ ತೋಟಿಗರ ಮಕ್ಕಳು ಇಂದಿನ ನಿಯಮದಲ್ಲಿ ಹೊರಡಬಲ್ಲರೇ? ಬಾಗಿಲು ಅಗಲವಾಗಿದೆ ಎನ್ನುವಾಗ ಹೊಸ್ತಿಲು ಎತ್ತರವಾದದ್ದನ್ನೂ ಹೇಳಬೇಕು.

ನಮ್ಮ ಮಗಳ ಹಣದ ಗತಿ ಏನಾಯಿತೆಂದರೆ, ಒಂಬತ್ತು ದಿನ ಕಾದ ಮೇಲೆ ಅದು ನೋಯ್ಡಾಕ್ಕೇ ಹಿಂತಿರುಗಿತು! ಇಂದು ಹಣ ಗಂಟುಕಟ್ಟಿಕೊಂಡು ಹೋಗುವುದಿಲ್ಲ. ಇಲ್ಲಿಯ ಬ್ಯಾಂಕಿಗೆ ಪರದೇಶದ ಬ್ಯಾಂಕಿನಲ್ಲಿ ಒಂದು ಖಾತೆ ಇರುತ್ತದೆ. "ಇದರಿಂದ ಇಷ್ಟನ್ನು ಇಂಥವರಿಗೆ ಕೊಡಿ" ಎಂಬ ಸಂದೇಶವಷ್ಟೇ ಹೋಗುತ್ತದೆ. 1973ರಲ್ಲಿ ಬ್ರಸೆಲ್ಸಿನಲ್ಲಿ ಸ್ಥಾಪನೆಯಾಗಿ 1977ರಲ್ಲಿ ಕೆಲಸ ಪ್ರಾರಂಭಿಸಿದ ಸ್ವಿಫ್ಟ್ ಸಂಸ್ಥೆಯ ಜಾಲ ಆ ಸಂದೇಶವನ್ನು ಒಯ್ಯುತ್ತದೆ. ಸಂದೇಶದಲ್ಲಿಯ ಹೆಸರೂ ಅಲ್ಲಿಯ ಖಾತೆಯ ಹೆಸರೂ ತಾಳೆಯಾಗಬೇಕು. ನಮ್ಮ ಕನ್ನಡಿಗರ ಹೆಸರಿನ ಪಾಡು ತಿಳಿದದ್ದೇ: ಊರಿನದೊಂದು ಅಕ್ಷರ, ತಂದೆಯದೊಂದು ಅಕ್ಷರ, ಆಮೇಲೆ ತನ್ನ ಹೆಸರು. ಇಲ್ಲಿಯ ಬ್ಯಾಂಕಿನಲ್ಲಿ ಅಕ್ಷರಗಳು, ಪಾಸ್‌ಪೋರ್ಟಿನಲ್ಲಿ ಅವುಗಳ ಪೂರ್ಣರೂಪ, ಕೆನಡಾದಲ್ಲಿ ಊರೇ ಮನೆತನದ ಹೆಸರಾಗಿ ಹಿಂದುಮುಂದು. ಅಲ್ಲಿಯವರಿಗೆ ಇವಳು ಇಬ್ಬರು ಹೆಂಗಸರಾಗಿ ಕಂಡಳು. ಕಮಿಷನ್ನು ಮುರಿದುಕೊಂಡು, ದರದ ವ್ಯತ್ಯಾಸದಲ್ಲೂ ಸ್ವಲ್ಪ ಕಳೆದುಕೊಂಡು ಹಣ ಮರಳಿತು. ಅವರು ಹೊರಡಲು ಹದಿಮೂರು ದಿನ ಉಳಿದಿತ್ತು. ಅಳಿಯ ಎರಡು ರಾತ್ರಿ ಸರಿಯಾಗಿ ಮಲಗಲಿಲ್ಲ.

ಆದ್ದರಿಂದ ಹೊರಡುವವರಿಗೆ ಎರಡು ಮಾತು. ಪಾಸ್‌ಪೋರ್ಟು, ಪಾನ್ ಕಾರ್ಡು, ಎರಡೂ ಕಡೆಯ ಖಾತೆ, ಎಲ್ಲದರಲ್ಲಿ ಹೆಸರು ಅಕ್ಷರಶಃ ಒಂದೇ ಇರುವಂತೆ ತಿಂಗಳುಗಳ ಮೊದಲೇ ನೋಡಿಕೊಳ್ಳಿ. ಮೊದಲು ಸಣ್ಣ ಮೊತ್ತ ಕಳಿಸಿ, ಅದು ತಲುಪಿದ ಮೇಲೆ ಉಳಿದದ್ದನ್ನು ಕಳಿಸಿ. ಅಲ್ಲಿ ನೆಲೆಸಿದ ಮೇಲೆ ಇಲ್ಲಿಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಡಬೇಡಿ. ಅದನ್ನು ಅನಿವಾಸಿಯ ಸಾಮಾನ್ಯ ಖಾತೆಯಾಗಿ ಬದಲಿಸುವುದು ಕಾನೂನು.

ಎರಡನೆಯ ಬಾರಿ ಹೆಸರು ತಿದ್ದಿ ಕಳಿಸಿದ ಹಣ ಮೂರನೆಯ ದಿನ ಮುಟ್ಟಿತು. "ಬಂತು ಅಪ್ಪಾ" ಎಂದು ಮಗಳು ಮೊಬೈಲು ತೋರಿಸಿದಳು. ಆ ರಾತ್ರಿ ಪೆಟ್ಟಿಗೆಯಿಂದ ಚಿಕ್ಕಪ್ಪನ ಏರೋಗ್ರಾಂ ತೆಗೆದು ಅವಳಿಗೆ ಓದಿ ಹೇಳಿದೆ. ಅದುವರೆಗೆ ಅವಳು ಅದನ್ನು ನೋಡಿರಲಿಲ್ಲ. ನಾಲ್ಕು ಡಾಲರು ಇಪ್ಪತ್ತು ಸೆಂಟಿನ ಸಾಲು ಬಂದಾಗ, "ಅಜ್ಜಯ್ಯನ ಹತ್ತಿರ ಹಣ ಇತ್ತಲ್ಲವೇ?" ಎಂದು ಕೇಳಿದಳು. ಇತ್ತು ಎಂದೆ. ಅವಳು ಮತ್ತೇನೂ ಕೇಳಲಿಲ್ಲ. ಕಾಗದದ ಒಂದು ಫೋಟೋ ತೆಗೆದಿಟ್ಟುಕೊಂಡಳು.

ನಮ್ಮ ಸಂಘದ ಹಿರಿಯರ ಮನೆಗಳಲ್ಲಿ ಇಂಥ ಕಾಗದಗಳು, ವಿನಿಮಯದ ಮೊಹರು ಬಿದ್ದ ಹಳೆಯ ಪಾಸ್‌ಪೋರ್ಟುಗಳು ಇದ್ದೇ ಇರುತ್ತವೆ. ದೀಪಾವಳಿಗೆ ಮನೆ ಗುಡಿಸುವಾಗ ಅವನ್ನು ರದ್ದಿಗೆ ಹಾಕಬೇಡಿರೆಂದು ನನ್ನ ಬಿನ್ನಹ. ಕಾನೂನಿನ ಪುಸ್ತಕದಲ್ಲಿ ಸಂಖ್ಯೆಗಳು ಸಿಕ್ಕಾವು; ಆರು ವಾರ ಊಟ ಹಾಕಿದವರ ಲೆಕ್ಕ ಅಲ್ಲಿ ಸಿಕ್ಕಲಾರದು.