ಮೀನುಗಾರಿಕೆಗೊಂದು ಪದವಿ ಏಕೆ?

'ಮೀನಿಗೆ ಈಜು ಕಲಿಸಬೇಕೆ?' ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಮಾತು. ಪಿ.ಯು.ಸಿ. ಮುಗಿಸಿದ ಮಗನನ್ನು ಮೀನುಗಾರಿಕಾ ಕಾಲೇಜಿಗೆ ಕಳುಹಿಸಬಹುದೆಂದು ನಾನು ಸೂಚಿಸಿದಾಗಲೆಲ್ಲ, ಕಡಲತಡಿಯ ತಂದೆತಾಯಿಯರು ಅದೇ ಧಾಟಿಯಲ್ಲಿ, 'ಮೀನು ಹಿಡಿಯುವುದನ್ನು ಕಾಲೇಜಿನಲ್ಲಿ ಕಲಿಯಬೇಕೇ ಮೇಷ್ಟ್ರೇ?' ಎಂದು ಕೇಳುತ್ತಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವನ್ನು ಆ ವಿದ್ಯೆಯ ಇತಿಹಾಸದಲ್ಲಿ ಹುಡುಕುವುದು ಒಳ್ಳೆಯದು.

ಭಾರತದಲ್ಲಿ ಈ ಶಾಸ್ತ್ರ ಮೊದಲಾದದ್ದು ಮೀನಿಗೆ ಹೆಸರಿಡುವುದರಿಂದ. ವಿಶಾಖಪಟ್ಟಣದಲ್ಲಿದ್ದ ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ಅಲ್ಲಿಯ ಇನ್ನೂರು ಮೀನುಗಳನ್ನು ವರ್ಣಿಸಿದ ಗ್ರಂಥ 1803ರಲ್ಲಿ ಪ್ರಕಟವಾಯಿತು. ನಮ್ಮ ಬಂಗುಡೆಯ ವೈಜ್ಞಾನಿಕ ಹೆಸರಿನಲ್ಲಿರುವ 'ಕನಗುರ್ತ' ಎಂಬ ಪದವು ಆತನು ಬರೆದುಕೊಂಡಿದ್ದ ತೆಲುಗು ಹೆಸರು. ಟಿಪ್ಪುವಿನ ಪತನಾನಂತರ ಮೈಸೂರು ಮತ್ತು ಕೆನರಾ ಪ್ರಾಂತ್ಯಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬ್ಯೂಕನನ್‌ನನ್ನು ಇತಿಹಾಸದ ಪಾಠದಲ್ಲಿ ನಾವೆಲ್ಲ ಓದಿದ್ದೇವೆ. ಅದೇ ಬ್ಯೂಕನನ್ 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಗ್ರಂಥ ಬರೆದು ರೋಹು, ಕಾಟ್ಲಾ, ಮೃಗಾಲ್‌ಗಳಿಗೆ ಆ ಸೀಮೆಯ ಜನರ ಹೆಸರುಗಳನ್ನೇ ಶಾಸ್ತ್ರದಲ್ಲಿ ಉಳಿಸಿದನು. ವಿದ್ವಾಂಸನಿಗೆ ಮೊದಲ ಗುರು ಬೆಸ್ತನೇ ಆಗಿದ್ದನೆಂಬುದಕ್ಕೆ ಈ ಹೆಸರುಗಳು ಸಾಕ್ಷಿ.

ಹೆಸರಿನ ಕಾಲ ಮುಗಿದು ಆಡಳಿತದ ಕಾಲ ಬಂದಿತು. ನೀರಿಗೆ ವಿಷ ಬೆರೆಸಿ, ಸಿಡಿಮದ್ದು ಹಾಕಿ ಮೀನು ಕೊಲ್ಲುವುದನ್ನು 1897ರ ಭಾರತೀಯ ಮೀನುಗಾರಿಕಾ ಕಾಯಿದೆ ನಿಷೇಧಿಸಿತು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಅಲ್ಲಿ ಸರ್ ಫ್ರೆಡರಿಕ್ ನಿಕಲ್ಸನ್‌ರ ನೇತೃತ್ವದಲ್ಲಿ 1907ರಲ್ಲಿ ಮೀನುಗಾರಿಕಾ ಇಲಾಖೆ ರೂಪುಗೊಂಡಿತು. ಮೀನು ಒಣಗಿಸುವ, ಎಣ್ಣೆ ತೆಗೆಯುವ ಸುಧಾರಿತ ಕ್ರಮಗಳ ಜೊತೆಗೆ ಆ ಇಲಾಖೆ ಮೀನುಗಾರರ ಮಕ್ಕಳಿಗೆಂದು ಪ್ರಾಥಮಿಕ ಶಾಲೆಗಳನ್ನೂ ನಡೆಸಿತೆಂಬುದು ನನ್ನಂತಹ ಶಿಕ್ಷಕನಿಗೆ ಸಂತೋಷದ ಸಂಗತಿ. 1947ರಲ್ಲಿ ಕಡಲಿಗೂ ಒಳನಾಡಿಗೂ ಒಂದೊಂದು ಕೇಂದ್ರೀಯ ಸಂಶೋಧನಾ ಸಂಸ್ಥೆ ಹುಟ್ಟಿದವು. 1961ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಶಿಕ್ಷಣ ಸಂಸ್ಥೆಯು ಆರಂಭದಲ್ಲಿ ಇಲಾಖೆಯ ಅಧಿಕಾರಿಗಳನ್ನು ತರಬೇತುಗೊಳಿಸುವುದಕ್ಕಾಗಿಯೇ ಇತ್ತು. ಸಾಮಾನ್ಯ ಮನೆಯ ಹುಡುಗನೊಬ್ಬ ಮೀನುಗಾರಿಕೆಯಲ್ಲಿ ಪದವಿ ಪಡೆಯುವ ಅವಕಾಶ ತೆರೆದದ್ದು 1969ರಲ್ಲಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವು ಮಂಗಳೂರಿನಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜನ್ನು ಆರಂಭಿಸಿದ ವರ್ಷ ಅದು.

ಅಲ್ಲಿ ಕಲಿಯಬೇಕಾಗಿದ್ದುದೇನು? 1957ನೆಯ ಇಸವಿಯ ಎರಡು ಘಟನೆಗಳನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ರೋಹು, ಕಾಟ್ಲಾಗಳು ನಿಂತ ನೀರಿನಲ್ಲಿ ಮೊಟ್ಟೆಯಿಡುವುದಿಲ್ಲ. ಮಳೆಗಾಲದ ಪ್ರವಾಹದಲ್ಲಿ ಮಾತ್ರ ಅವುಗಳ ಸಂತಾನ. ಹೀಗಾಗಿ ಕೆರೆಗೆ ಬಿಡುವ ಮರಿಗಳನ್ನು ನದಿಯಿಂದಲೇ ಸಂಗ್ರಹಿಸಬೇಕಾಗಿತ್ತು. ಆ ವರ್ಷದ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುನ್ಹಿಯವರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಮೀನಿಗೆ ಚುಚ್ಚಿ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದರು. ಬ್ಯೂಕನನ್ ಕಂಡ ಗಂಗೆಯ ಮೀನು ಇಂದು ನಮ್ಮ ಬಯಲುಸೀಮೆಯ ಕೆರೆಗಳಲ್ಲಿ ಬೆಳೆಯುತ್ತಿರುವುದರ ಹಿಂದೆ ಈ ಸಾಧನೆಯಿದೆ. ಅದೇ ವರ್ಷ ಇಂಗ್ಲೆಂಡಿನಲ್ಲಿ ಬೆವರ್ಟನ್ ಮತ್ತು ಹೋಲ್ಟ್ ಎಂಬಿಬ್ಬರು ವಿಜ್ಞಾನಿಗಳು, ಕಡಲಿನ ಮೀನು ಎಷ್ಟು ಬೇಗ ಬೆಳೆಯುತ್ತದೆ, ಎಷ್ಟು ಸಾಯುತ್ತದೆ, ಎಷ್ಟನ್ನು ಹಿಡಿದರೆ ಸಂತತಿ ಉಳಿಯುತ್ತದೆ ಎಂಬುದನ್ನು ಗಣಿತಕ್ಕೆ ಇಳಿಸಿದ ಗ್ರಂಥವನ್ನು ಪ್ರಕಟಿಸಿದರು. ಮೊದಲನೆಯದು ಮೀನನ್ನು ಹೆಚ್ಚಿಸುವ ವಿದ್ಯೆ, ಎರಡನೆಯದು ಆಸೆಗೆ ಮಿತಿ ಹಾಕುವ ವಿದ್ಯೆ. ಮೀನುಗಾರಿಕಾ ವಿಜ್ಞಾನ ಎಂಬ ಹೆಸರಿನೊಳಗೆ ಎರಡೂ ಸೇರಿವೆ.

ಎರಡನೆಯ ವಿದ್ಯೆಯ ಅಗತ್ಯವನ್ನು ನಮ್ಮ ಕರಾವಳಿ ಕಷ್ಟದಿಂದ ಅರಿಯಿತು. ಮಳೆಗಾಲ ಕಳೆದ ಮೇಲೆ ಬಂಗುಡೆಯ ಹಿಂಡು ದಡದ ಸಮೀಪಕ್ಕೆ ಬರುತ್ತಿತ್ತು. ದೋಣಿಯಲ್ಲಿ ಹೋಗಿ ರಂಪಣಿ ಬಲೆಯಿಂದ ಅದನ್ನು ಸುತ್ತುವರಿದು, ಎರಡೂ ತುದಿಯ ಹಗ್ಗಗಳನ್ನು ಹತ್ತಾರು ಮಂದಿ ಮರಳಿನ ಮೇಲೆ ನಿಂತು ಎಳೆಯುತ್ತಿದ್ದರು. ಬಂದದ್ದು ಪಾಲಾಗಿ ಎಲ್ಲರಿಗೂ ಸಲ್ಲುತ್ತಿತ್ತು. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ದೋಣಿಗಳ ಪರ್ಸಿನ್ ಬಲೆ ಬಂದಿತು. ದಡಕ್ಕೆ ಬರುವ ಮುನ್ನವೇ ಹಿಂಡು ಆ ಬಲೆಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ರಂಪಣಿಯ ವೈಭವ ಮುಗಿಯಿತು. ಹಳಬರಿಗೂ ಹೊಸಬರಿಗೂ ಘರ್ಷಣೆಗಳಾದವು. ಕಾಲೇಜು ತೆರೆದು ಇನ್ನೂ ಹತ್ತು ವರ್ಷವಾಗಿರಲಿಲ್ಲ. ಹಿಡಿಯುವ ಯಂತ್ರವನ್ನು ಹಣ ಕೊಟ್ಟು ತರಬಹುದಾಗಿತ್ತು. ಎಷ್ಟು ಹಿಡಿಯಬೇಕು, ಅದು ಯಾರಿಗೆ ಸಲ್ಲಬೇಕು ಎಂಬ ವಿವೇಕವು ಅದರೊಡನೆ ಬರಲಿಲ್ಲ. ಕಡಲ ಮೀನುಗಾರಿಕೆಯನ್ನು ನಿಯಂತ್ರಿಸುವ ರಾಜ್ಯದ ಕಾಯಿದೆ ಬಂದದ್ದು 1986ರಲ್ಲಿ.

ಹಿಂದೆ ಮಳೆಗಾಲದಲ್ಲಿ ದೋಣಿಗಳು ದಡವೇರುತ್ತಿದ್ದವು; ನೂಲ ಹುಣ್ಣಿಮೆಯಂದು ಸಮುದ್ರಪೂಜೆ ಮಾಡಿ, ಹಾಲು ಎರೆದು, ಮತ್ತೆ ಕಡಲಿಗೆ ಇಳಿಯುವುದು ಕ್ರಮವಾಗಿತ್ತು. ಮುನಿದ ಕಡಲೇ ಮೀನಿಗೆ ವಿಶ್ರಾಂತಿ ಕೊಡುತ್ತಿತ್ತು. ಯಂತ್ರದ ದೋಣಿಗೆ ಆ ಮುನಿಸಿನ ಭಯ ಕಡಿಮೆಯಾದ್ದರಿಂದ, ಈಗ ಜೂನ್ 1ರಿಂದ ಜುಲೈ 31ರ ತನಕ 61 ದಿನಗಳ ನಿಷೇಧವನ್ನು ಸರಕಾರ ವಿಧಿಸಬೇಕಾಗಿದೆ.

ಆ ದಿನಗಳು ಎಷ್ಟಿರಬೇಕು, ಬಲೆಯ ಕಣ್ಣು ಎಷ್ಟು ದೊಡ್ಡದಿರಬೇಕು ಎಂಬುದನ್ನು ಊಹೆಯಿಂದ ಹೇಳಲಾಗದು. ಅದಕ್ಕೆ ಮೀನಿನ ಕಿವಿಗಲ್ಲಿನ ಗೆರೆಗಳಿಂದ ವಯಸ್ಸನ್ನು ಅಂದಾಜಿಸಬಲ್ಲವರು ಬೇಕು. ಬಂದರಿಗೆ ಬಂದ ಮೀನನ್ನು ವರ್ಷವಿಡೀ ಅಳೆದು ಲೆಕ್ಕವಿಡುವವರು ಬೇಕು. ಅವರಲ್ಲಿ ಕೆಲವರಾದರೂ ಹಗ್ಗ ಎಳೆದವರ ಮನೆಯಿಂದ ಬಂದವರಾಗಿರಬೇಕೆಂಬುದು ನನ್ನ ಆಸೆ. ತೀರದಲ್ಲಿ ಕುಳಿತು ನಿಯಮ ಹೇಳುವವನ ಮಾತಿಗಿಂತ, ಆ ನಿಯಮದಿಂದ ತನ್ನ ಮನೆಯ ಒಲೆಗೆ ಏನಾಗುತ್ತದೆಂಬುದನ್ನು ಬಲ್ಲವನ ಮಾತನ್ನು ಕಡಲತಡಿಯ ಜನ ಹೆಚ್ಚು ನಂಬುತ್ತಾರೆ. ಮಗನನ್ನು ಕಾಲೇಜಿಗೆ ಏಕೆ ಕಳುಹಿಸಬೇಕೆಂದು ಕೇಳಿದ ತಂದೆತಾಯಿಯರಿಗೆ ನಾನು ಹೇಳುತ್ತಿದ್ದುದೂ ಇಷ್ಟೇ.