ಕೈಗುಣವೂ ಕೈವಿದ್ಯೆಯೂ

ನಮ್ಮ ಭಾಷೆಯಲ್ಲಿ ‘ಕೈಗುಣ’ ಎಂಬ ಚೆಲುವಾದ ಮಾತೊಂದುಂಟು. ವೈದ್ಯನಿಗೆ ಕೈಗುಣವಿದೆ ಎಂದಾಗ, ಅವನ ಮದ್ದಿಗಿಂತಲೂ ಮಿಗಿಲಾಗಿ ಅವನ ಕೈಯನ್ನು ನಂಬಿದ್ದೇವೆ ಎಂದೇ ಅರ್ಥ. ಈ ಗುಣವನ್ನು ಕಲಿಸಬಹುದಾದ, ಪರೀಕ್ಷಿಸಬಹುದಾದ ವಿದ್ಯೆಯನ್ನಾಗಿ ಮಾಡಿಕೊಂಡವರ ಕಥೆಯನ್ನೂ, ಹಾಗೆ ಮಾಡಿಕೊಳ್ಳದೆ ಉಳಿದ ನಮ್ಮ ಸೀಮೆಯ ಕಥೆಯನ್ನೂ ಇಂದು ಕೇಳುಗರ ಮುಂದಿಡುತ್ತೇನೆ.

ಪಶ್ಚಿಮದಲ್ಲಿ ಆ ವಿದ್ಯೆಗೆ ಬಂದ ಹೆಸರುಗಳಲ್ಲಿ ಒಂದು ಆಸ್ಟಿಯೋಪತಿ. ಗ್ರೀಕರ ‘ಆಸ್ಟಿಯೋನ್’ ಎಂಬ ಶಬ್ದವೂ ಸಂಸ್ಕೃತದ ‘ಅಸ್ಥಿ’ಯೂ ಒಂದೇ ಬೇರಿನಿಂದ ಬಂದ ದಾಯಾದಿಗಳು, ಎರಡರ ಅರ್ಥವೂ ಮೂಳೆಯೇ. ಬೆನ್ನೆಲುಬು, ಕೀಲು, ಸ್ನಾಯುಗಳನ್ನು ಕೈಯಿಂದ ಮುಟ್ಟಿ ಅರಿತು, ನೀವಿ, ಎಳೆದು, ಹದವಾಗಿ ಒತ್ತಿ, ಬಿಗಿತವನ್ನು ಸಡಿಲಿಸಿ ನೋವನ್ನು ಇಳಿಸುವುದು ಈ ಪದ್ಧತಿಯ ತಿರುಳು.

ಇದನ್ನು ಕೇಳಿದೊಡನೆ ಗುಬ್ಬಿಯ ಸೀಮೆಯವನಾದ ನನಗೆ ‘ಉಳುಕು ತೆಗೆಯುವುದು’ ಎಂಬ ಮಾತು ನೆನಪಾಗುತ್ತದೆ. ತುಮಕೂರು, ಗುಬ್ಬಿ, ಕುಣಿಗಲ್ಲುಗಳದು ತೆಂಗು ಅಡಕೆಗಳ ನಾಡು. ಮರ ಹತ್ತಿದವನು ಜಾರುವುದು, ಪೇಟೆಯಲ್ಲಿ ಮೂಟೆ ಹೊತ್ತವನ ಸೊಂಟ ಹಿಡಿಯುವುದು ಇಲ್ಲಿನ ದಿನನಿತ್ಯದ ಸಂಗತಿ. ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ಲಿನಲ್ಲಿ ಸವಾರನು ಬಿದ್ದು ಭುಜದ ಕೀಲು ತಪ್ಪುವುದೂ ಅಪರೂಪವಾಗಿರಲಾರದು. ಇಂಥವರಿಗೆಲ್ಲ ಊರಿಗೊಬ್ಬರು ನೀವುವವರು, ಹೋಬಳಿಗೊಬ್ಬರು ದಬ್ಬೆ ಕಟ್ಟುವವರು ಇದ್ದರು. ಕಾಲು ಮುಂದಾಗಿ ಹುಟ್ಟಿದವರಿಂದ ಸೊಂಟಕ್ಕೆ ಮೆಲ್ಲಗೆ ಒದೆಸಿಕೊಂಡರೆ ಹಿಡಿತ ಬಿಡುತ್ತದೆಂಬ ನಂಬಿಕೆಯೂ ಇತ್ತು. ಅದನ್ನು ಕೇಳಿ ನಾವು ನಗಬಹುದು. ಆದರೆ ನೊಂದ ಜಾಗವನ್ನು ಇನ್ನೊಬ್ಬರು ಮುಟ್ಟಬೇಕೆಂಬ ಹಂಬಲವನ್ನು ನಗಲಾಗದು.

ಗರಡಿಮನೆ ಈ ಬಳಕೆಯ ಇನ್ನೊಂದು ನೆಲೆ. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಗ್ರಂಥದಲ್ಲಿ, ತೆಲುಗು ಜಿಲ್ಲೆಗಳ ಜಟ್ಟಿಗಳು ಲೇಪ ಹಚ್ಚಿ ಮೈನೀವಿ ನರದ ನೋವನ್ನು ಕಳೆಯುತ್ತಿದ್ದರೆಂದು ಬರೆದಿದ್ದಾನೆ. ಕುಸ್ತಿಯಲ್ಲಿ ಮೈಯನ್ನು ಮುರಿಯಬಲ್ಲ ಕೈಗೆ ಅದನ್ನು ಕೂಡಿಸುವ ಮರ್ಮವೂ ತಿಳಿದಿರುವುದು ಸಹಜವಷ್ಟೆ.

ಇದೆಲ್ಲ ಬರಿಯ ರೂಢಿ, ಇದಕ್ಕೆ ಶಾಸ್ತ್ರವಿಲ್ಲ ಎನ್ನುವಂತಿಲ್ಲ. ಸುಶ್ರುತ ಸಂಹಿತೆಯು ಕೀಲು ತಪ್ಪುವುದರಲ್ಲಿ ಆರು ಬಗೆ, ಮೂಳೆ ಮುರಿಯುವುದರಲ್ಲಿ ಹನ್ನೆರಡು ಬಗೆ ಎಂದು ವಿಂಗಡಿಸಿದೆ. ದಬ್ಬೆಗೆ ಆಲ, ಅತ್ತಿ, ಅಶ್ವತ್ಥ, ಮುತ್ತುಗಗಳ ತೊಗಟೆಯನ್ನೂ ಬಿದಿರನ್ನೂ ಹೇಳಿದೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ಕಟ್ಟಬೇಕು. ಸಡಿಲವಾದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ಎಂಬ ಎಚ್ಚರಿಕೆಯೂ ಅಲ್ಲಿದೆ. ಕೈಯ ಮೂಳೆ ಕೂಡಿದ ಮೇಲೆ ಮೊದಲು ಮಣ್ಣಿನ ಉಂಡೆ, ಆಮೇಲೆ ಉಪ್ಪು, ಬಲ ಬಂದ ಬಳಿಕ ಕಲ್ಲು ಹಿಡಿಸಬೇಕೆಂಬ ಕ್ರಮವನ್ನು ಓದುವಾಗ ಇಂದಿನ ಫಿಸಿಯೋಥೆರಪಿಯ ಕೊಠಡಿಯೇ ಕಣ್ಮುಂದೆ ಬರುತ್ತದೆ.

ಈಗ ಅಮೆರಿಕಕ್ಕೆ ಹೋಗೋಣ. ಆಸ್ಟಿಯೋಪತಿಯ ಮೂಲಪುರುಷ ಆಂಡ್ರೂ ಟೇಲರ್ ಸ್ಟಿಲ್ ಹುಟ್ಟಿದ್ದು 1828ರಲ್ಲಿ. ಬಾಲ್ಯದಲ್ಲಿ ತಲೆನೋವು ಬಂದಾಗ ಎರಡು ಮರಗಳ ನಡುವೆ ತಗ್ಗಾಗಿ ಹಗ್ಗ ಕಟ್ಟಿ, ಕಂಬಳಿ ಹಾಸಿ, ಅದರ ಮೇಲೆ ಕತ್ತಿಟ್ಟು ಮಲಗಿದಾಗ ನೋವು ಇಳಿಯಿತೆಂದು ಆತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. 1864ರಲ್ಲಿ ಮಿದುಳಿನ ಪೊರೆಯ ಜ್ವರಕ್ಕೆ ಅವನ ಮೂವರು ಮಕ್ಕಳು ಬಲಿಯಾದರು. ಆ ಕಾಲದ ಔಷಧಗಳಲ್ಲಿ ಅವನಿಗಿದ್ದ ನಂಬಿಕೆ ಅಲ್ಲಿಗೆ ಮುರಿಯಿತು. 1874ರಲ್ಲಿ ತನ್ನ ಹೊಸ ಮತವನ್ನು ಸಾರಿ, ಮೂಳೆ ಕೂಡಿಸುವವನೆಂದು ಹೆಸರು ಹಾಕಿಕೊಂಡು ಊರೂರು ತಿರುಗಿದ. ಎಲ್ಲ ರೋಗದ ಬೇರೂ ಮೂಳೆಯ ಸ್ಥಾನಭ್ರಂಶದಲ್ಲಿದೆ ಎಂಬಷ್ಟು ದೂರಕ್ಕೆ ಅವನ ವಾದ ಹೋಯಿತು, ಅದು ನಿಲ್ಲಲಿಲ್ಲ. ಆದರೆ 1892ರಲ್ಲಿ ಮಿಸ್ಸೂರಿಯ ಕರ್ಕ್ಸ್‌ವಿಲ್‌ನಲ್ಲಿ ಅವನು ತೆರೆದ ಶಾಲೆ ನಿಂತಿತು. ಹೆಂಗಸರಿಗೂ ಮೊದಲ ತರಗತಿಯಲ್ಲೇ ಪ್ರವೇಶವಿತ್ತು. ಅಂಗರಚನಾಶಾಸ್ತ್ರವೇ ಪಾಠದ ಅಡಿಗಲ್ಲು. ಶಾಲೆಯಾದುದರಿಂದ ಪ್ರಶ್ನೆ ಬಂತು, ಪ್ರಶ್ನೆ ಬಂದುದರಿಂದ ತಿದ್ದುಪಡಿ ಬಂತು. ಇಂದು ಅಮೆರಿಕದ ಆಸ್ಟಿಯೋಪತಿ ಪದವೀಧರರು ಔಷಧ, ಶಸ್ತ್ರಚಿಕಿತ್ಸೆಗಳನ್ನೂ ಕಲಿತ ಪೂರ್ಣ ವೈದ್ಯರು. ಬ್ರಿಟನ್ನಿನಲ್ಲಿ ಈ ವೃತ್ತಿ 1993ರ ಕಾಯಿದೆಗೆ ಒಳಪಟ್ಟಿತು.

ಬ್ರಿಟನ್ನಿನ ಮೂಳೆ ಕಟ್ಟುವವರ ಕಥೆ ಇನ್ನೂ ಬೋಧಪ್ರದವಾದುದು. 1867ರಲ್ಲಿ ಶಸ್ತ್ರವೈದ್ಯ ಜೇಮ್ಸ್ ಪ್ಯಾಜೆಟ್, ಇವರು ಗುಣಪಡಿಸುವ ರೋಗಗಳಾವುವು ಎಂಬ ವಿಷಯವನ್ನೇ ಹಿಡಿದು ಉಪನ್ಯಾಸ ಮಾಡಿ, ಅವರಲ್ಲಿನ ಒಳ್ಳೆಯದನ್ನು ಕಲಿಯಿರಿ, ಕೆಟ್ಟದ್ದನ್ನು ಬಿಡಿರಿ ಎಂದು ತನ್ನವರಿಗೆ ತಿಳಿಹೇಳಿದ. ಲಿವರ್‌ಪೂಲಿನಲ್ಲಿ ಪರಂಪರೆಯಿಂದ ಮೂಳೆ ಕಟ್ಟುತ್ತಿದ್ದ ಇವಾನ್ ಥಾಮಸ್ ತನ್ನ ಮಗ ಹ್ಯೂ ಓವೆನ್‌ನನ್ನು ವೈದ್ಯವಿದ್ಯಾಲಯಕ್ಕೆ ಕಳಿಸಿದ. ಆ ಮಗ ರೂಪಿಸಿದ ಕಾಲಿನ ದಬ್ಬೆಯನ್ನು ಅವನ ಸಂಬಂಧಿ ರಾಬರ್ಟ್ ಜೋನ್ಸ್ ಮೊದಲ ಮಹಾಯುದ್ಧದ ರಣರಂಗಕ್ಕೆ ತಂದ. ತೊಡೆಮೂಳೆ ಮುರಿದ ಸೈನಿಕರಲ್ಲಿ ನೂರಕ್ಕೆ 80ರಷ್ಟಿದ್ದ ಸಾವು 20ಕ್ಕಿಂತ ಕೆಳಗಿಳಿಯಿತೆಂಬುದು ಆ ಕಾಲದ ಲೆಕ್ಕ. ಮನೆತನದ ಕೈಗೆ ಕಾಲೇಜಿನ ಕಣ್ಣು ಕೂಡಿದುದರ ಫಲವಿದು.

ನಮ್ಮಲ್ಲಿ ಈ ಕೂಟ ಏಕೆ ಆಗಲಿಲ್ಲ? ನನ್ನ ಉತ್ತರವಿಷ್ಟು: ನಮ್ಮಲ್ಲಿ ಓದು ಒಂದು ಜಗಲಿಯಲ್ಲಿ ಕುಳಿತಿತು, ಕೈಕೆಲಸ ಇನ್ನೊಂದು ಜಗಲಿಯಲ್ಲಿ. ಸುಶ್ರುತನ ಶ್ಲೋಕ ಬಲ್ಲವರು ದಬ್ಬೆ ಮುಟ್ಟಲಿಲ್ಲ. ದಬ್ಬೆ ಕಟ್ಟುವವರಿಗೆ ಶ್ಲೋಕ ತಲುಪಲಿಲ್ಲ. ಮೈಸೂರಿನಲ್ಲಿ 1908ರಲ್ಲೇ ಆಯುರ್ವೇದ ವಿದ್ಯಾಲಯ ತೆರೆದರೂ, ಹಳ್ಳಿಯ ಕೈ ಅದರ ಬಾಗಿಲೊಳಗೆ ಹೋಗಲಿಲ್ಲ. ಇದಕ್ಕೆ ನಾವು ತೆತ್ತ ಬೆಲೆ ಹಗುರವಾದುದಲ್ಲ. ಬಿಗಿಯಾಗಿ ಕಟ್ಟಿದ ದಬ್ಬೆಯಿಂದ ರಕ್ತದ ಓಟ ನಿಂತು, ಕೊನೆಗೆ ಕೈಯನ್ನೋ ಕಾಲನ್ನೋ ಕತ್ತರಿಸಬೇಕಾಗಿ ಬಂದ ರೋಗಿಗಳನ್ನು ಇಂದಿಗೂ ಆಸ್ಪತ್ರೆಗಳು ಕಾಣುತ್ತಿವೆ. ಶತಮಾನಗಳ ಹಿಂದೆಯೇ ಬರೆದಿಟ್ಟ ಎಚ್ಚರಿಕೆ ಕಟ್ಟುವವನ ಕಿವಿಗೆ ಬೀಳದೆ ಹೋದುದು ಎಂಥ ವಿಪರ್ಯಾಸ! ಆದರೂ ಯಲಹಂಕದ ಬಳಿಯ ಸಿಂಗನಾಯಕನಹಳ್ಳಿಗೂ ಆಂಧ್ರದ ಪುತ್ತೂರಿಗೂ ಜನ ಹೋಗುತ್ತಾರೆ. ಅವರನ್ನು ಮೂಢರೆಂದು ಜರಿದರೆ ಫಲವಿಲ್ಲ. ಖರ್ಚು, ದೂರ, ಶಸ್ತ್ರದ ಭಯ ಇವೆಲ್ಲವೂ ಕಾರಣಗಳೇ.

ಹಾಗಾದರೆ ನೋವಿಗೆ ಈ ಕೈವಿದ್ಯೆಯಿಂದ ದೊರೆಯುವುದೇನು? ಬಹುಕಾಲದ ಸೊಂಟನೋವಿನಲ್ಲಿ ಸ್ವಲ್ಪಮಟ್ಟಿನ ಉಪಶಮನ ಉಂಟು. 2016ರಲ್ಲಿ ಇಂಗ್ಲೆಂಡಿನ ವೈದ್ಯಕೀಯ ಮಾರ್ಗಸೂಚಿ ಕೈಚಿಕಿತ್ಸೆಯನ್ನು ಒಪ್ಪಿತು; ಆದರೆ ವ್ಯಾಯಾಮದ ಜೊತೆಗೂಡಿ ಮಾತ್ರ. ಮುರಿದ ಮೂಳೆ, ಜ್ವರದೊಡನೆ ಬಂದ ಬೆನ್ನುನೋವು, ಕಾಲಿನ ಬಲ ಕುಂದುವುದು, ಮಲಮೂತ್ರಗಳ ಹಿಡಿತ ತಪ್ಪುವುದು ಇವು ನೀವುವವರ ಸರಹದ್ದಿನ ಆಚೆಯವು. ಅಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಲ್ಲಿ ಕೈ ಇಡಬಾರದು ಎಂಬುದನ್ನು ತಿಳಿದಿರುವುದೇ ಕೈವಿದ್ಯೆಯ ಮೊದಲ ಪಾಠ.

ಇಂದು ತುಮಕೂರಿನಲ್ಲಿ ವೈದ್ಯಕೀಯ ಕಾಲೇಜುಗಳಿವೆ. ಸುತ್ತಲಿನ ಹಳ್ಳಿಗಳಲ್ಲಿ ನೀವಬಲ್ಲ ಮುದಿಕೈಗಳು ಇನ್ನೂ ಕೆಲವು ಉಳಿದಿವೆ. ಪ್ಯಾಜೆಟ್ ತನ್ನವರಿಗೆ ಹೇಳಿದ ಮಾತನ್ನು ನಮ್ಮವರಿಗೂ ಯಾರಾದರೂ ಹೇಳಬೇಕಾಗಿದೆ. ಕೈಗುಣ ಒಬ್ಬರೊಡನೆ ಹುಟ್ಟಿ ಅವರೊಡನೆಯೇ ಹೋಗುತ್ತದೆ. ಕೈವಿದ್ಯೆಯಾದರೋ ಕಲಿತವರಿಂದ ಕಲಿಯುವವರಿಗೆ ಸಾಗಿ, ಸಾಗಿದಂತೆಲ್ಲ ತಿದ್ದಿಕೊಳ್ಳುತ್ತದೆ.