ಅರಬ್ಬೀ ವಾಕ್ಯವಿಚಾರದ ಉಗಮ: ಒಂದು ಟಿಪ್ಪಣಿ

ಅರಬ್ಬೀ ವ್ಯಾಕರಣದ ಹುಟ್ಟನ್ನು ಕುರಿತು ಪರಂಪರೆಯು ಒಂದು ಕಥೆಯನ್ನು ಹೇಳುತ್ತದೆ. ಕುರಾನಿನ ಒಂಬತ್ತನೆಯ ಅಧ್ಯಾಯದ ಮೂರನೆಯ ವಚನವನ್ನು ಓದುತ್ತಿದ್ದವನೊಬ್ಬನು ‘ರಸೂಲುಹು’ ಎಂಬಲ್ಲಿ ‘ರಸೂಲಿಹಿ’ ಎಂದನಂತೆ. ದೇವರಿಗೂ ಆತನ ಪ್ರವಾದಿಗೂ ಬಹುದೇವತಾರಾಧಕರೊಡನೆ ಸಂಬಂಧವಿಲ್ಲವೆಂಬ ಅರ್ಥವು, ದೇವರಿಗೆ ಅವರೊಡನೆಯೂ ತನ್ನ ಪ್ರವಾದಿಯೊಡನೆಯೂ ಸಂಬಂಧವಿಲ್ಲವೆಂದಾಯಿತು. ಇದನ್ನು ಕೇಳಿ ಬೆಚ್ಚಿದ ಬಸ್ರಾದ ಅಬುಲ್ ಅಸ್ವದನು (ಮರಣ ಸು. 688) ವ್ಯಾಕರಣಕ್ಕೆ ತಳಹದಿ ಹಾಕಿದನೆಂದು ಪ್ರತೀತಿ.

ಈ ಕಥೆಯನ್ನು ದಾಖಲಿಸಿದ ಗ್ರಂಥಗಳು ಆತನ ಕಾಲಕ್ಕಿಂತ ಒಂದು ಶತಮಾನಕ್ಕೂ ಹೆಚ್ಚು ಈಚಿನವು. ಆದುದರಿಂದ ನಾವು ಇದನ್ನು ನಡೆದ ಘಟನೆಯೆಂದು ನೆಚ್ಚಲಾರೆವು. ಆದರೆ ಇದರ ಹಿಂದಿರುವ ಅವಶ್ಯಕತೆಯನ್ನು ಅಲ್ಲಗಳೆಯಲೂ ಆರೆವು. ಏಳನೆಯ ಶತಮಾನದಲ್ಲಿ ಸೇನಾ ಶಿಬಿರವಾಗಿ ಹುಟ್ಟಿದ ಬಸ್ರಾದಲ್ಲಿ ಅರಬರೊಡನೆ ಪರ್ಷಿಯನ್ನರೂ ಇತರರೂ ನೆಲೆಸಿದರು. ಅರಬ್ಬಿಯು ಅವರಿಗೆ ತಾಯ್ನುಡಿಯಲ್ಲ, ಕಲಿತ ನುಡಿ. ನಮಗೆ ಉಳಿದುಬಂದಿರುವ ಮೊದಲ ವಿಸ್ತೃತ ವ್ಯಾಕರಣವಾದ ‘ಅಲ್-ಕಿತಾಬ್’ ಅನ್ನು ರಚಿಸಿದ ಸೀಬವೈಹಿಯೂ (ಮರಣ ಸು. 796) ಪರ್ಷಿಯನ್ನನೇ. ಹೊರಗಿನಿಂದ ಬಂದು ಕಲಿತವನಿಗೆ ನಿಯಮವು ಕಾಣುವಷ್ಟು ಸ್ಪಷ್ಟವಾಗಿ ಹುಟ್ಟಿನಿಂದ ಆಡುವವನಿಗೆ ಕಾಣದೆಂಬುದಕ್ಕೆ ಇದು ನಿದರ್ಶನ.

ಆರಂಭದ ವಿದ್ಯಾರ್ಥಿಯು ಇಂದಿಗೂ ಕಲಿಯುವ ವಿಭಾಗ ಎರಡು: ನಾಮದಿಂದ ತೊಡಗುವ ವಾಕ್ಯ, ಕ್ರಿಯೆಯಿಂದ ತೊಡಗುವ ವಾಕ್ಯ. ‘ಅಲ್-ಬೈತು ಕಬೀರುನ್’ ಎಂದರೆ ‘ಮನೆ ದೊಡ್ಡದು’. ಇಲ್ಲಿ ಕ್ರಿಯಾಪದವಿಲ್ಲ. ಇಂಗ್ಲಿಷಿನ ಮೂಲಕ ಅರಬ್ಬಿಯನ್ನು ಕಲಿಯುವವನು ಯಾವುದೋ ಪದವು ಬಿಟ್ಟುಹೋಗಿದೆಯೆಂದು ತಡವರಿಸುತ್ತಾನೆ. ಕನ್ನಡಿಗನಿಗೆ ಆ ತೊಡಕಿಲ್ಲ. ‘ದರಬ ಜೈದುನ್ ಅಮ್ರನ್’ ಎಂಬುದು ಎರಡನೆಯ ಬಗೆ: ಜೈದನು ಅಮ್ರನನ್ನು ಹೊಡೆದನು. ‘ಉನ್’ ಕರ್ತೃವನ್ನೂ ‘ಅನ್’ ಕರ್ಮವನ್ನೂ ಸೂಚಿಸುವುದರಿಂದ, ನಮ್ಮ ವಿಭಕ್ತಿಗಳಲ್ಲಿರುವಂತೆಯೇ, ಹೆಸರುಗಳು ಸ್ಥಳ ಬದಲಿಸಿದರೂ ಅರ್ಥ ಕೆಡದು. ಆದರೆ ಮೂಸಾ, ಈಸಾ ಎಂಬ ಹೆಸರುಗಳ ಅಂತ್ಯವು ಮಾರ್ಪಡುವುದಿಲ್ಲ. ಅಲ್ಲಿ ಕ್ರಿಯೆಯ ಬಳಿಕ ಮೊದಲು ಬಂದವನೇ ಕರ್ತೃವೆಂದು ವೈಯಾಕರಣರು ವಿಧಿಸಿದರು.

ಇದು ಕೇವಲ ಪಾಠಶಾಲೆಯ ವಿಷಯವಲ್ಲ. ಅರಬ್ಬೀ ಚರಿತ್ರಗ್ರಂಥಗಳ ಹಸ್ತಪ್ರತಿಗಳಲ್ಲಿ ಹ್ರಸ್ವ ಸ್ವರಚಿಹ್ನೆಗಳು ಸಾಮಾನ್ಯವಾಗಿ ಇರುವುದಿಲ್ಲ. ಓದುಗನೇ ಅವನ್ನು ತುಂಬಿಕೊಳ್ಳಬೇಕು. ಹೊಡೆದವನಾರು, ಹೊಡೆತ ತಿಂದವನಾರು ಎಂಬ ನಿರ್ಣಯವು ಎಷ್ಟೋ ವೇಳೆ ಆತನ ವ್ಯಾಕರಣಜ್ಞಾನವನ್ನೇ ಅವಲಂಬಿಸಿದೆ. ಆಕರಗಳನ್ನು ಅನುವಾದದಲ್ಲಿ ಮಾತ್ರ ಓದುವ ಇತಿಹಾಸಕಾರನು ಈ ನಿರ್ಣಯವನ್ನು ಇನ್ನೊಬ್ಬರ ಕೈಗೆ ಒಪ್ಪಿಸಿರುತ್ತಾನೆಂಬುದನ್ನು ನಾವು ಮರೆಯಲಾಗದು.